ಸಾರ್ವಜನಿಕ ಸೇವೆಗಳ ಗಣಕೀಕೃತ ದಾಖಲೆಗಳ ಸುರಕ್ಷತೆ: ಅಪಾಯ ಪತ್ತೆ ಮತ್ತು ಕ್ಲೌಡ್ ಗೋಚರತೆ

(ಸಿಂಧನೂರು, ಲಿಂಗಸುಗೂರು ಮತ್ತು ಮಸ್ಕಿ ತಾಲ್ಲೂಕುಗಳ ಅರ್ಜಿದಾರರ ಮಾಹಿತಿಗಾಗಿ)

1. ಪೀಠಿಕೆ

ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸುಗೂರು ಮತ್ತು ಮಸ್ಕಿ ತಾಲ್ಲೂಕುಗಳ ನಾಗರಿಕರು ಪಹಣಿ, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಋಣಭಾರ ಪ್ರಮಾಣಪತ್ರ, ಸಾಮಾಜಿಕ ಭದ್ರತಾ ಪಿಂಚಣಿ ಮುಂತಾದ ಸೇವೆಗಳಿಗಾಗಿ ನಾಡಕಚೇರಿ, ಗ್ರಾಮ ಒನ್ ಕೇಂದ್ರ, ತಾಲ್ಲೂಕು ಕಚೇರಿ ಅಥವಾ ಉಪ ನೋಂದಣಾಧಿಕಾರಿಗಳ ಕಚೇರಿಯಲ್ಲಿ ಅರ್ಜಿ ಸಲ್ಲಿಸುತ್ತಾರೆ. ಅರ್ಜಿ ಸ್ವೀಕರಿಸುವ ಕಿಟಕಿ ಊರಿನಲ್ಲಿಯೇ ಇದ್ದರೂ, ಅರ್ಜಿಯೊಂದಿಗೆ ನೀಡಿದ ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆಯ ವಿವರ, ಮೊಬೈಲ್ ಸಂಖ್ಯೆ, ಭಾವಚಿತ್ರ ಮತ್ತು ಬೆರಳಚ್ಚು ಊರಿನಲ್ಲಿ ಉಳಿಯುವುದಿಲ್ಲ. ಅವು ರಾಜ್ಯ ದತ್ತಾಂಶ ಕೇಂದ್ರದ ಸರ್ವರುಗಳಿಗೆ ಅಥವಾ ಸೇವೆ ಒದಗಿಸುವ ಸಂಸ್ಥೆಗಳು ಬಳಸುವ ಕ್ಲೌಡ್ ವ್ಯವಸ್ಥೆಗೆ ತಲುಪುತ್ತವೆ.

ಕ್ಲೌಡ್ ಎಂದರೆ ಸಂಸ್ಥೆಯೊಂದು ತನ್ನದೇ ಯಂತ್ರಗಳನ್ನು ಕೊಂಡು ಕಚೇರಿಯಲ್ಲಿ ಇರಿಸಿಕೊಳ್ಳುವ ಬದಲು, ಬೇರೆಡೆ ಸ್ಥಾಪಿತವಾಗಿರುವ ಗಣಕಯಂತ್ರಗಳ ಸಾಮರ್ಥ್ಯವನ್ನು ಅಂತರಜಾಲದ ಮೂಲಕ ಅಗತ್ಯಕ್ಕೆ ತಕ್ಕಷ್ಟು ಪಡೆದು ಬಳಸುವ ಏರ್ಪಾಡು. ಇದರಿಂದ ವೆಚ್ಚ ಮತ್ತು ವಿಳಂಬ ಕಡಿಮೆಯಾಗುತ್ತವೆ. ಆದರೆ ಒಂದು ಪ್ರಶ್ನೆ ಮಾತ್ರ ಉಳಿಯುತ್ತದೆ: ನಾಗರಿಕರ ಮಾಹಿತಿಯನ್ನು ಯಾರು, ಯಾವಾಗ, ಎಲ್ಲಿಂದ ನೋಡಿದರು ಅಥವಾ ಬದಲಾಯಿಸಿದರು ಎಂಬುದು ಆ ಮಾಹಿತಿಗೆ ಹೊಣೆಯಾದವರಿಗೆ ಸಕಾಲದಲ್ಲಿ ತಿಳಿಯುತ್ತದೆಯೇ? ಹಾಗೆ ತಿಳಿಯುವಂತಿರುವುದನ್ನು ಗೋಚರತೆ ಎಂದೂ, ತಿಳಿದುದರಲ್ಲಿ ಅಸಹಜವಾದುದನ್ನು ಗುರುತಿಸುವುದನ್ನು ಅಪಾಯ ಪತ್ತೆ ಎಂದೂ ಕರೆಯಲಾಗುತ್ತದೆ. ರಾಜ್ಯದಲ್ಲಿ 2019ರಿಂದ 2025ರವರೆಗೆ ನಡೆದ ಮೂರು ಪ್ರಕರಣಗಳ ಹಿನ್ನೆಲೆಯಲ್ಲಿ ಈ ವಿಷಯವನ್ನು ಇಲ್ಲಿ ವಿಶ್ಲೇಷಿಸಲಾಗಿದೆ.

2. ಹಿನ್ನೆಲೆ: ಕೈಬರಹದ ಪಹಣಿಯಿಂದ ಕ್ಲೌಡ್‌ವರೆಗೆ

ದಾಖಲೆಯನ್ನು ಯಾರು ತಿದ್ದಿದರು ಎಂಬ ಪ್ರಶ್ನೆ ಗಣಕಯಂತ್ರದೊಂದಿಗೆ ಹುಟ್ಟಿದ್ದಲ್ಲ. ಕೈಬರಹದ ಪಹಣಿಯ ಕಾಲದಲ್ಲಿ ಪುಸ್ತಕವು ಗ್ರಾಮಲೆಕ್ಕಿಗರ ವಶದಲ್ಲಿರುತ್ತಿತ್ತು. ಒಂದು ಹೆಸರನ್ನು ಹೊಡೆದು ಇನ್ನೊಂದು ಹೆಸರನ್ನು ಬರೆದರೆ ಜಮೀನಿನ ಒಡೆಯರಿಗೆ ಅದು ಗೊತ್ತಾಗಲು ವರ್ಷಗಳೇ ಬೇಕಾಗಬಹುದಿತ್ತು.

2000ದ ದಶಕದ ಆರಂಭದಲ್ಲಿ ಜಾರಿಗೆ ಬಂದ 'ಭೂಮಿ' ಯೋಜನೆಯಡಿ ಸುಮಾರು 67 ಲಕ್ಷ ರೈತರಿಗೆ ಸೇರಿದ ಸುಮಾರು 2 ಕೋಟಿ ಪಹಣಿಗಳನ್ನು ಗಣಕೀಕರಿಸಲಾಯಿತು. ತಾಲ್ಲೂಕು ಕಚೇರಿಯ ಭೂಮಿ ಕೇಂದ್ರದಲ್ಲಿ 15 ರೂಪಾಯಿ ಶುಲ್ಕ ನೀಡಿ ಪಹಣಿಯ ಪ್ರತಿಯನ್ನು ಪಡೆಯುವ ಅವಕಾಶ ದೊರೆಯಿತು. ಇದಕ್ಕಿಂತಲೂ ಮಹತ್ವದ ಇನ್ನೊಂದು ಅಂಶ ಯೋಜನೆಯಲ್ಲಿತ್ತು. ಹಕ್ಕು ಬದಲಾವಣೆಯನ್ನು ದಾಖಲಿಸುವ ಸಿಬ್ಬಂದಿ ಮತ್ತು ಅಧಿಕಾರಿಗಳು ತಮ್ಮ ಬೆರಳಚ್ಚು ನೀಡಿಯೇ ತಂತ್ರಾಂಶವನ್ನು ಪ್ರವೇಶಿಸಬೇಕಾಗಿತ್ತು. ಯಾವ ಬದಲಾವಣೆಯನ್ನು ಯಾರು ಮಾಡಿದರು ಎಂಬುದು ಅಳಿಸಲಾಗದಂತೆ ಉಳಿಯಬೇಕೆಂಬುದು ಇದರ ಉದ್ದೇಶ. ಇಂದು 'ಗೋಚರತೆ' ಎಂದು ಕರೆಯಲಾಗುವ ತತ್ವವು ರಾಜ್ಯದ ಕಂದಾಯ ಆಡಳಿತಕ್ಕೆ ಈ ರೂಪದಲ್ಲಿ ಆಗಲೇ ಪರಿಚಿತವಾಗಿತ್ತು.

ನಂತರದ ವರ್ಷಗಳಲ್ಲಿ ನೋಂದಣಿಗಾಗಿ 'ಕಾವೇರಿ' ತಂತ್ರಾಂಶ, ಹೋಬಳಿ ಮಟ್ಟದಲ್ಲಿ ನೆಮ್ಮದಿ ಕೇಂದ್ರಗಳು ಹಾಗೂ ಅವುಗಳ ನಂತರ ಅಟಲ್‌ಜೀ ಜನಸ್ನೇಹಿ ಕೇಂದ್ರಗಳು, ಸಕಾಲ, ಸೇವಾಸಿಂಧು, ಗ್ರಾಮ ಒನ್ ಕೇಂದ್ರಗಳು ಒಂದರ ಹಿಂದೊಂದು ಬಂದವು. 2023ರಲ್ಲಿ 'ಕಾವೇರಿ 2.0' ತಂತ್ರಾಂಶವು ಬಳಕೆಗೆ ಬಂದಿತು. 2024ರ ಡಿಸೆಂಬರ್ 2ರಿಂದ 'ಎಲ್ಲಿಯಾದರೂ ನೋಂದಣಿ' ಸೌಲಭ್ಯವನ್ನು ರಾಜ್ಯದಾದ್ಯಂತ ವಿಸ್ತರಿಸಲಾಗಿದ್ದು, ಆಸ್ತಿಯಿರುವ ಜಿಲ್ಲೆಯೊಳಗಿನ ಯಾವುದೇ ಉಪ ನೋಂದಣಿ ಕಚೇರಿಯಲ್ಲಿ ದಸ್ತಾವೇಜನ್ನು ನೋಂದಾಯಿಸಬಹುದಾಗಿದೆ. ಅಂದರೆ ಸಿಂಧನೂರು ತಾಲ್ಲೂಕಿನ ಗದ್ದೆಯೊಂದರ ಕ್ರಯಪತ್ರವನ್ನು ಲಿಂಗಸುಗೂರಿನಲ್ಲಿಯೂ ನೋಂದಾಯಿಸಲು ಸಾಧ್ಯ.

ಮಸ್ಕಿಯ ವಿಷಯದಲ್ಲಿ ಇನ್ನೊಂದು ಅಂಶವನ್ನು ಗಮನಿಸಬೇಕು. ಇದು ನೆರೆಯ ತಾಲ್ಲೂಕುಗಳ ಗ್ರಾಮಗಳನ್ನು ಸೇರಿಸಿ ರಚಿಸಲಾದ ಹೊಸ ತಾಲ್ಲೂಕು. ಇಲ್ಲಿನ ಅನೇಕ ಗ್ರಾಮಗಳ ಹಳೆಯ ದಾಖಲೆಗಳು ಹಿಂದಿನ ತಾಲ್ಲೂಕಿನ ಹೆಸರಿನಲ್ಲಿರುತ್ತವೆ. ಕಾಗದದ ಕಡತವು ಒಂದೆಡೆ, ಗಣಕೀಕೃತ ದಾಖಲೆ ಇನ್ನೊಂದೆಡೆ, ಹೊಸ ಅರ್ಜಿ ಮತ್ತೊಂದೆಡೆ ಇರುವಾಗ ಇವೆಲ್ಲವನ್ನೂ ಒಟ್ಟಿಗೆ ಕಾಣುವ ವ್ಯವಸ್ಥೆಯ ಅಗತ್ಯ ಹೆಚ್ಚುತ್ತದೆ.

3. ಮೂರು ಪ್ರಕರಣಗಳು

3.1 ಇ-ಸಂಗ್ರಹಣಾ ಪೋರ್ಟಲ್, 2019

ಸರ್ಕಾರಿ ಟೆಂಡರುಗಳಲ್ಲಿ ಭಾಗವಹಿಸುವ ಗುತ್ತಿಗೆದಾರರು ಇ.ಎಂ.ಡಿ. ಎಂದು ಕರೆಯಲಾಗುವ ಠೇವಣಿಯನ್ನು ಇರಿಸುತ್ತಾರೆ. ಟೆಂಡರ್ ದೊರೆಯದವರಿಗೆ ಈ ಮೊತ್ತವನ್ನು ಮರುಪಾವತಿ ಮಾಡಲಾಗುತ್ತದೆ. 2019ರಲ್ಲಿ ರಾಜ್ಯದ ಇ-ಸಂಗ್ರಹಣಾ ಪೋರ್ಟಲ್‌ಗೆ ಅಕ್ರಮವಾಗಿ ಪ್ರವೇಶಿಸಿ ಸುಮಾರು 11.5 ಕೋಟಿ ರೂಪಾಯಿ ಠೇವಣಿ ಹಣವನ್ನು ಬೇರೆ ಖಾತೆಗಳಿಗೆ ಸಾಗಿಸಲಾಯಿತು. ಪ್ರಕರಣದ ತನಿಖೆಯನ್ನು ಸಿ.ಐ.ಡಿ. ಕೈಗೊಂಡಿತು.

ಹಣ ಹೊರಹೋದದ್ದು ಮರುಪಾವತಿಯ ದಾರಿಯಲ್ಲಿ. ಪ್ರತಿದಿನವೂ ನಡೆಯುವ ಇಂತಹ ವರ್ಗಾವಣೆಗಳ ನಡುವೆ ತಪ್ಪು ಖಾತೆಗೆ ಹೋಗುವ ಒಂದು ವರ್ಗಾವಣೆಯು ಮೇಲ್ನೋಟಕ್ಕೆ ಭಿನ್ನವಾಗಿ ಕಾಣುವುದಿಲ್ಲ. ಯಾವ ಗುತ್ತಿಗೆದಾರರ ಠೇವಣಿ ಯಾವ ಖಾತೆಗೆ ಹಿಂದಿರುಗಬೇಕು ಎಂಬ ದಾಖಲೆಯನ್ನೂ ಬ್ಯಾಂಕಿನಿಂದ ನಿಜವಾಗಿ ಹೊರಹೋದ ಮೊತ್ತವನ್ನೂ ಪಕ್ಕಪಕ್ಕದಲ್ಲಿಟ್ಟು ತಾಳೆ ನೋಡಿದಾಗ ಮಾತ್ರ ವ್ಯತ್ಯಾಸ ಕಾಣುತ್ತದೆ. ಆ ತಾಳೆಯು ಎಷ್ಟು ಬೇಗ ನಡೆಯುತ್ತದೆಯೋ ನಷ್ಟವು ಅಷ್ಟು ಕಡಿಮೆ.

3.2 ನೋಂದಣಿ ದಸ್ತಾವೇಜುಗಳ ಬೆರಳಚ್ಚು ದುರ್ಬಳಕೆ, 2023

ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯಲ್ಲಿ ಬ್ಯಾಂಕಿನ ಹೆಸರು, ಆಧಾರ್ ಸಂಖ್ಯೆ ಮತ್ತು ಬೆರಳಚ್ಚು ಇದ್ದರೆ ಹಣ ಪಡೆಯಬಹುದು. ಒಟಿಪಿ ಅಥವಾ ಪಿನ್ ಬೇಕಾಗುವುದಿಲ್ಲ. ಬ್ಯಾಂಕ್ ಶಾಖೆ ದೂರವಿರುವ ಗ್ರಾಮಗಳ ವೃದ್ಧರು ಮತ್ತು ಪಿಂಚಣಿದಾರರು ಊರಿನಲ್ಲಿಯೇ ಹಣ ಪಡೆಯಲಿ ಎಂಬುದು ಈ ವ್ಯವಸ್ಥೆಯ ಉದ್ದೇಶ.

2023ರಲ್ಲಿ ಬೆಂಗಳೂರು ಮತ್ತು ಮಂಗಳೂರಿನಲ್ಲಿ ಆಸ್ತಿ ನೋಂದಣಿ ಮಾಡಿಸಿದ ಹಲವರ ಖಾತೆಗಳಿಂದ ಈ ವ್ಯವಸ್ಥೆಯ ಮೂಲಕ ಹಣ ತೆಗೆಯಲಾದ ದೂರುಗಳು ದಾಖಲಾದವು. ನೋಂದಾಯಿತ ದಸ್ತಾವೇಜುಗಳ ಪ್ರತಿಗಳಲ್ಲಿದ್ದ ಬೆರಳಚ್ಚು ಮತ್ತು ಆಧಾರ್ ಸಂಖ್ಯೆಗಳನ್ನು ನಕಲು ಮಾಡಿಕೊಂಡು ಕೃತಕ ಬೆರಳಚ್ಚು ತಯಾರಿಸಲಾಗಿತ್ತೆಂದು ತನಿಖೆಯಲ್ಲಿ ಕಂಡುಬಂದಿತು. ಬಿಹಾರ ಮೂಲದ ಆರೋಪಿಗಳ ಬಂಧನವೂ ನಡೆಯಿತು. ಆ ನಂತರ ಅಂತರಜಾಲದಲ್ಲಿ ಲಭ್ಯವಾಗುವ ದಸ್ತಾವೇಜುಗಳಲ್ಲಿ ಬೆರಳಚ್ಚು ಕಾಣದಂತೆ ಮರೆಮಾಚುವ ಕ್ರಮ ಕೈಗೊಳ್ಳಲಾಯಿತು.

ಇಲ್ಲಿ ಅಪಾಯವನ್ನು ಮೊದಲು ಪತ್ತೆ ಮಾಡಿದವರು ಖಾತೆದಾರರೇ. ಹಣ ಕಡಿತವಾದ ಕಿರುಸಂದೇಶವೇ ಮೊದಲ ಎಚ್ಚರಿಕೆ. ದಸ್ತಾವೇಜಿನ ಪ್ರತಿ ಪಡೆಯುವುದು ಕಾನೂನುಬದ್ಧ ಸೇವೆಯಾದುದರಿಂದ ಅಂತಹ ಒಂದು ಕೋರಿಕೆಯಲ್ಲಿ ತಪ್ಪು ಕಾಣುವುದಿಲ್ಲ. ಪರಸ್ಪರ ಸಂಬಂಧವಿಲ್ಲದ ಅನೇಕರ ದಸ್ತಾವೇಜುಗಳನ್ನು ಒಬ್ಬರೇ ಪಡೆಯುತ್ತಿದ್ದಾರೆಯೇ ಎಂದು ಗಮನಿಸುವ ಏರ್ಪಾಡು ಇದ್ದಾಗ ಮಾತ್ರ ಸಂಶಯಕ್ಕೆ ಆಸ್ಪದ ದೊರೆಯುತ್ತದೆ. ಮೇಲಾಗಿ ಮಾಹಿತಿ ಹೊರಬಿದ್ದದ್ದು ಒಂದು ವ್ಯವಸ್ಥೆಯಿಂದ, ಹಣ ಹೋದದ್ದು ಇನ್ನೊಂದರಿಂದ. ಎರಡನ್ನೂ ಕೂಡಿಸಿ ನೋಡುವವರು ಇಲ್ಲದಿದ್ದರೆ ಎರಡೂ ಕಡೆ ಎಲ್ಲವೂ ಸರಿಯಾಗಿದೆ ಎಂದೇ ತೋರುತ್ತದೆ.

3.3 ಕಾವೇರಿ 2.0 ಮೇಲಿನ ದಾಳಿ, 2025

2025ರ ಜನವರಿಯಲ್ಲಿ ಕಾವೇರಿ 2.0 ಪೋರ್ಟಲ್ ಪದೇ ಪದೇ ಸ್ಥಗಿತಗೊಂಡು ರಾಜ್ಯದಾದ್ಯಂತ ನೋಂದಣಿ ಕಾರ್ಯಕ್ಕೆ ಅಡಚಣೆಯಾಯಿತು. ಇದು ತಾಂತ್ರಿಕ ದೋಷವಲ್ಲ, ಡಿಡಿಒಎಸ್ ಎಂದು ಕರೆಯಲಾಗುವ ದಾಳಿ ಎಂಬುದು ಪರಿಶೀಲನೆಯಿಂದ ತಿಳಿದುಬಂದಿತು. ಏಕಕಾಲದಲ್ಲಿ ಅನೇಕ ಕಡೆಯಿಂದ ನಕಲಿ ಕೋರಿಕೆಗಳನ್ನು ಸುರಿದು ನಿಜವಾದ ಅರ್ಜಿದಾರರಿಗೆ ಜಾಗವಿಲ್ಲದಂತೆ ಮಾಡುವುದೇ ಈ ದಾಳಿಯ ರೀತಿ.

ಪ್ರಕಟವಾದ ವಿವರಗಳ ಪ್ರಕಾರ ಎರಡು ಗಂಟೆಗಳ ಅವಧಿಯಲ್ಲಿ 6.2 ಲಕ್ಷ ದುರುದ್ದೇಶಪೂರಿತ ಕೋರಿಕೆಗಳು ಬಂದಿದ್ದವು. ಇದು ಸೆಕೆಂಡಿಗೆ ಸರಾಸರಿ 86 ಕೋರಿಕೆಗಳಾಗುತ್ತದೆ. ಒಂದು ದಾಳಿಯಲ್ಲಿ 62 ಇ-ಮೇಲ್ ಖಾತೆಗಳನ್ನೂ 14 ಐಪಿ ವಿಳಾಸಗಳನ್ನೂ ಬಳಸಲಾಗಿತ್ತು. ಋಣಭಾರ ಪ್ರಮಾಣಪತ್ರದ ಹುಡುಕಾಟವು ಸಾಮಾನ್ಯ ಮಟ್ಟಕ್ಕಿಂತ ಎಂಟು ಪಟ್ಟು ಏರಿತ್ತು. ಮಾಹಿತಿ ತಂತ್ರಜ್ಞಾನ ಕಾಯ್ದೆಯಡಿ ಪೊಲೀಸ್ ಪ್ರಕರಣ ದಾಖಲಾಯಿತು.

ದಾಳಿಕೋರರು ಬಾಗಿಲು ಒಡೆದು ಬರಲಿಲ್ಲ. ಸಾಮಾನ್ಯ ಬಳಕೆದಾರರಂತೆ ಖಾತೆ ತೆರೆದು, ಸಾಮಾನ್ಯ ಬಳಕೆದಾರರಿಗೆ ತೆರೆದಿರುವ ಹುಡುಕಾಟದ ಸೌಲಭ್ಯವನ್ನೇ ಬಳಸಿದರು. ಆದುದರಿಂದ ಹೊರಗಿನವರನ್ನು ತಡೆಯುವ ವ್ಯವಸ್ಥೆ ಮಾತ್ರ ಸಾಲದು. ಒಳಗೆ ಬಂದವರ ನಡವಳಿಕೆಯನ್ನು ಗಮನಿಸುವ ವ್ಯವಸ್ಥೆಯೂ ಬೇಕು.

4. ಗೋಚರತೆ ಹೇಗೆ ಸಾಧ್ಯವಾಗುತ್ತದೆ

ಪ್ರತಿಯೊಂದು ಗಣಕ ವ್ಯವಸ್ಥೆಯೂ ತನ್ನಲ್ಲಿ ನಡೆದುದನ್ನು ಸಾಲುಸಾಲಾಗಿ ಬರೆದಿಡಬಲ್ಲದು. ಇದನ್ನು ಲಾಗ್ ಎನ್ನುತ್ತಾರೆ. ಕಚೇರಿಯ ಆವಕ-ಜಾವಕ ವಹಿಗೆ ಇದನ್ನು ಹೋಲಿಸಬಹುದು. ಯಾವ ಬಳಕೆದಾರರು, ಯಾವ ಸಮಯಕ್ಕೆ, ಯಾವ ವಿಳಾಸದಿಂದ, ಯಾವ ದಾಖಲೆಯನ್ನು ತೆರೆದರು ಎಂಬ ವಿವರ ಅದರಲ್ಲಿರುತ್ತದೆ.

ಒಂದು ಅರ್ಜಿಯ ಉದಾಹರಣೆ ತೆಗೆದುಕೊಳ್ಳಬಹುದು. ಮಸ್ಕಿ ತಾಲ್ಲೂಕಿನ ಗ್ರಾಮವೊಂದರ ಗ್ರಾಮ ಒನ್ ಕೇಂದ್ರದಲ್ಲಿ ಸಲ್ಲಿಸಿದ ಅರ್ಜಿಯು ಕೇಂದ್ರದ ಗಣಕಯಂತ್ರ, ದೂರಸಂಪರ್ಕ ಜಾಲ, ಸೇವಾ ಪೋರ್ಟಲ್, ಆಧಾರ್ ದೃಢೀಕರಣ, ಶುಲ್ಕ ಪಾವತಿ, ಕಿರುಸಂದೇಶ ರವಾನೆ, ಕಂದಾಯ ದತ್ತಾಂಶ ಹೀಗೆ ಅನೇಕ ಹಂತಗಳನ್ನು ದಾಟುತ್ತದೆ. ಪ್ರತಿ ಹಂತದ ಲಾಗ್ ಬೇರೆ, ಅದನ್ನು ಇಟ್ಟುಕೊಳ್ಳುವ ಸಂಸ್ಥೆಯೂ ಬೇರೆಯಾಗಿರಬಹುದು. ಒಬ್ಬ ನಿರ್ವಾಹಕರ ಖಾತೆಯು ಬೆಳಿಗ್ಗೆ 11 ಗಂಟೆಗೆ ಲಿಂಗಸುಗೂರಿನಿಂದಲೂ 11 ಗಂಟೆ 10 ನಿಮಿಷಕ್ಕೆ ಬೇರೆ ರಾಜ್ಯದಿಂದಲೂ ಪ್ರವೇಶ ಪಡೆದರೆ, ಪಾಸ್‌ವರ್ಡ್ ಸರಿಯಾಗಿರುವುದರಿಂದ ಎರಡೂ ಪ್ರವೇಶಗಳು ಪ್ರತ್ಯೇಕವಾಗಿ ಸಿಂಧುವಾಗಿ ಕಾಣುತ್ತವೆ. ಎರಡನ್ನೂ ಒಂದೇ ಕಡೆ ತಂದು ನೋಡಿದಾಗ ಹತ್ತು ನಿಮಿಷದಲ್ಲಿ ಅಷ್ಟು ದೂರ ಹೋಗಲು ಯಾರಿಗೂ ಸಾಧ್ಯವಿಲ್ಲವೆಂಬುದು ಸ್ಪಷ್ಟವಾಗುತ್ತದೆ.

ಕ್ಲೌಡ್ ಬಳಸುವಾಗ ಹೊಣೆಗಾರಿಕೆಯೂ ಹಂಚಿಹೋಗುತ್ತದೆ. ಕಟ್ಟಡ, ವಿದ್ಯುತ್ ಮತ್ತು ಯಂತ್ರಗಳ ಸುರಕ್ಷತೆ ಕ್ಲೌಡ್ ಸಂಸ್ಥೆಯದು. ಯಾರಿಗೆ ಯಾವ ದಾಖಲೆ ತೆರೆಯುವ ಅಧಿಕಾರ ನೀಡಬೇಕು, ವರ್ಗವಾಗಿ ಹೋದ ಸಿಬ್ಬಂದಿಯ ಖಾತೆಯನ್ನು ಯಾವಾಗ ಮುಚ್ಚಬೇಕು ಎಂಬುದು ಕ್ಲೌಡ್ ಬಳಸುವ ಸಂಸ್ಥೆಯದು. ಈ ಗಡಿ ಮಸುಕಾದಲ್ಲಿ ಅನಾಹುತವಾಗುತ್ತದೆ. 2019ರಲ್ಲಿ ಅಮೆರಿಕದ ಕ್ಯಾಪಿಟಲ್ ಒನ್ ಬ್ಯಾಂಕಿನ ಕ್ಲೌಡ್ ವ್ಯವಸ್ಥೆಯ ಹೊಂದಾಣಿಕೆಯಲ್ಲಿದ್ದ ದೋಷವೊಂದರಿಂದ ಆ ದೇಶದ ಸುಮಾರು 10 ಕೋಟಿ ಜನರ ಮಾಹಿತಿ ಹೊರಬಿದ್ದಿತು. ಅವರಲ್ಲಿ ಬಹುಪಾಲು ಕ್ರೆಡಿಟ್ ಕಾರ್ಡಿಗಾಗಿ ಅರ್ಜಿ ಹಾಕಿದ್ದವರು. ಅಕ್ರಮ ಪ್ರವೇಶ ನಡೆದದ್ದು ಮಾರ್ಚ್ ತಿಂಗಳಲ್ಲಿ. ಬ್ಯಾಂಕಿಗೆ ಅದು ತಿಳಿದದ್ದು ಜುಲೈ ತಿಂಗಳಲ್ಲಿ, ಅದೂ ಹೊರಗಿನ ವ್ಯಕ್ತಿಯೊಬ್ಬರು ಇ-ಮೇಲ್ ಮೂಲಕ ತಿಳಿಸಿದ ನಂತರ.

ಸೇವೆಯ ಸರಪಳಿಯಲ್ಲಿ ಮೂರನೆಯವರ ಪಾತ್ರವೂ ಇದೆ. 2024ರ ಜುಲೈ 31ರಂದು ಸಣ್ಣ ಬ್ಯಾಂಕುಗಳಿಗೆ ತಂತ್ರಜ್ಞಾನ ಸೇವೆ ಒದಗಿಸುವ ಸಂಸ್ಥೆಯೊಂದರ ಮೇಲೆ ರ‍್ಯಾನ್ಸಮ್‌ವೇರ್ ದಾಳಿ ನಡೆದಾಗ, ಭಾರತೀಯ ರಾಷ್ಟ್ರೀಯ ಪಾವತಿ ನಿಗಮವು ಆ ಸಂಸ್ಥೆಯನ್ನು ಪಾವತಿ ಜಾಲದಿಂದ ತಾತ್ಕಾಲಿಕವಾಗಿ ಬೇರ್ಪಡಿಸಿತು. ದೇಶದ ಸುಮಾರು 300 ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳ ಗ್ರಾಹಕರಿಗೆ ತೊಂದರೆಯಾಯಿತು. ಆದರೆ ಅಪಾಯವು ಬೇಗನೆ ಗುರುತಾಗಿ ಸಂಪರ್ಕ ಕಡಿತವಾದುದರಿಂದ ಅದು ಉಳಿದ ಜಾಲಕ್ಕೆ ಹರಡಲಿಲ್ಲ.

5. 'ಸರ್ವರ್ ಇಲ್ಲ': ದಟ್ಟಣೆಯೋ ದಾಳಿಯೋ

ಅರ್ಜಿದಾರರು ಕಿಟಕಿಯ ಬಳಿ ಹೆಚ್ಚಾಗಿ ಕೇಳುವ ಮಾತು 'ಸರ್ವರ್ ಇಲ್ಲ' ಎಂಬುದು. ಆದರೆ ಈ ಒಂದೇ ಮಾತಿನ ಹಿಂದೆ ಬೇರೆ ಬೇರೆ ಕಾರಣಗಳಿರಬಹುದು. ಸ್ಥಳೀಯ ವಿದ್ಯುತ್ ಅಥವಾ ಜಾಲದ ಅಡಚಣೆ ಒಂದು. ನಿಜವಾದ ಜನದಟ್ಟಣೆ ಇನ್ನೊಂದು. 2023ರ ಜೂನ್‌ನಲ್ಲಿ ಗೃಹಜ್ಯೋತಿ ಯೋಜನೆಯ ನೋಂದಣಿ ಸೇವಾಸಿಂಧುವಿನಲ್ಲಿ ಆರಂಭವಾದಾಗ ಪೋರ್ಟಲ್ ನಿಧಾನವಾದದ್ದು ಲಕ್ಷಾಂತರ ಅರ್ಹ ಕುಟುಂಬಗಳು ಒಮ್ಮೆಗೇ ಅರ್ಜಿ ಸಲ್ಲಿಸಲು ಮುಂದಾದ ಕಾರಣ. 2025ರ ಜನವರಿಯಲ್ಲಿ ಕಾವೇರಿ ನಿಂತದ್ದು ದಾಳಿಯಿಂದ. ಕಿಟಕಿಯ ಹೊರಗೆ ನಿಂತವರಿಗೆ ಎರಡೂ ಒಂದೇ ರೀತಿ ಕಾಣುತ್ತವೆ. ಆದರೆ ಪರಿಹಾರ ಬೇರೆ ಬೇರೆ. ಮೊದಲನೆಯದಕ್ಕೆ ಸಾಮರ್ಥ್ಯ ಹೆಚ್ಚಿಸಬೇಕು, ಎರಡನೆಯದಕ್ಕೆ ದುಷ್ಕೋರಿಕೆಗಳನ್ನು ತಡೆಯಬೇಕು. ದಾಳಿಯನ್ನು ದಟ್ಟಣೆ ಎಂದು ಭಾವಿಸಿ ಸಾಮರ್ಥ್ಯ ಹೆಚ್ಚಿಸುತ್ತಾ ಹೋದರೆ ವೆಚ್ಚ ಮಾತ್ರ ಏರುತ್ತದೆ.

ಇದಕ್ಕೆ ವಿರುದ್ಧವಾದ ತಪ್ಪೂ ಸಂಭವಿಸಬಹುದು. ಬೆಳೆ ವಿಮೆಗೆ ನೋಂದಾಯಿಸುವ ಕೊನೆಯ ದಿನ ಸಿಂಧನೂರಿನ ಭತ್ತದ ಪ್ರದೇಶದ ಒಂದು ಕೇಂದ್ರದಿಂದ ನಿರ್ವಾಹಕರೊಬ್ಬರು ರಾತ್ರಿಯವರೆಗೂ ಅರ್ಜಿಗಳನ್ನು ಸಲ್ಲಿಸುತ್ತಿದ್ದರೆ, ಒಂದೇ ವಿಳಾಸದಿಂದ ಬರುವ ಆ ಕೋರಿಕೆಗಳು ಯಂತ್ರದ ಕಣ್ಣಿಗೆ ದಾಳಿಯಂತೆ ತೋರಬಹುದು. ಆ ಖಾತೆಯನ್ನು ತಂತಾನೇ ತಡೆಹಿಡಿದರೆ ಸರದಿಯಲ್ಲಿರುವ ರೈತರು ವಿಮೆಯಿಂದ ವಂಚಿತರಾಗುತ್ತಾರೆ. ಆದುದರಿಂದ ಅಪಾಯ ಪತ್ತೆಯ ವ್ಯವಸ್ಥೆಗೆ ಸ್ಥಳೀಯ ವಾಡಿಕೆಯ ಅರಿವು ಅತ್ಯಗತ್ಯ. ಯಾವ ತಿಂಗಳಿನಲ್ಲಿ ಯಾವ ಸೇವೆಗೆ ಎಷ್ಟು ಬೇಡಿಕೆ ಇರುತ್ತದೆ ಎಂಬುದನ್ನು ತಿಳಿಯದೆ ಅಸಹಜವಾದುದನ್ನು ಗುರುತಿಸಲಾಗದು. ಎಚ್ಚರಿಕೆಗಳು ಮಿತಿಮೀರಿದರೂ ಅಪಾಯವೇ. ದಿನಕ್ಕೆ ಸಾವಿರಾರು ಸುಳ್ಳು ಎಚ್ಚರಿಕೆಗಳು ಬರುತ್ತಿದ್ದರೆ ಅವುಗಳ ನಡುವೆ ಬರುವ ಒಂದು ನಿಜವಾದ ಎಚ್ಚರಿಕೆಯು ಸಿಬ್ಬಂದಿಯ ಗಮನಕ್ಕೆ ಬಾರದೆ ಹೋಗುತ್ತದೆ.

6. ಕಾನೂನು ಮತ್ತು ನೀತಿ

ಈ ವಿಷಯಕ್ಕೆ ಸಂಬಂಧಿಸಿದ ಪ್ರಮುಖ ಕ್ರಮಗಳು ಈ ಕೆಳಗಿನಂತಿವೆ:

(ಅ) ಸೈಬರ್ ಘಟನೆಗಳ ನಿರ್ವಹಣೆಗೆ ರಾಷ್ಟ್ರೀಯ ಸಂಸ್ಥೆಯಾದ ಸರ್ಟ್-ಇನ್, 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನಗಳ ಪ್ರಕಾರ ಸರ್ಕಾರಿ ಮತ್ತು ಖಾಸಗಿ ಸಂಸ್ಥೆಗಳು ಸೈಬರ್ ಘಟನೆಯನ್ನು ಗಮನಕ್ಕೆ ಬಂದ 6 ಗಂಟೆಗಳೊಳಗೆ ವರದಿ ಮಾಡಬೇಕು. ಲಾಗ್‌ಗಳನ್ನು 180 ದಿನ ಸುರಕ್ಷಿತವಾಗಿ ಇಟ್ಟುಕೊಳ್ಳಬೇಕು. ಎಲ್ಲ ಯಂತ್ರಗಳ ಗಡಿಯಾರಗಳನ್ನು ನಿಗದಿತ ಕಾಲಮಾನಕ್ಕೆ ಹೊಂದಿಸಬೇಕು. ಗಡಿಯಾರಗಳು ಹೊಂದಿಕೆಯಾಗದಿದ್ದರೆ ವಿವಿಧ ಲಾಗ್‌ಗಳಲ್ಲಿ ಯಾವುದು ಮೊದಲು ನಡೆಯಿತು, ಯಾವುದು ನಂತರ ಎಂಬುದನ್ನು ನಿರ್ಧರಿಸಲಾಗದು.

(ಆ) ಕರ್ನಾಟಕ ಸರ್ಕಾರವು 2024ರ ಆಗಸ್ಟ್ 1ರಂದು ಸೈಬರ್ ಭದ್ರತಾ ನೀತಿಯನ್ನು ಬಿಡುಗಡೆ ಮಾಡಿದೆ. ಜನಜಾಗೃತಿ ಮತ್ತು ಕೌಶಲ್ಯಾಭಿವೃದ್ಧಿಯೊಂದಿಗೆ ಸರ್ಕಾರದ ಸ್ವಂತ ಗಣಕ ವ್ಯವಸ್ಥೆಗಳ ಭದ್ರತೆಯನ್ನೂ ಅದು ಒಳಗೊಂಡಿದೆ.

(ಇ) ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮ, 2023ರ ನಿಯಮಗಳನ್ನು 2025ರ ನವೆಂಬರ್‌ನಲ್ಲಿ ಅಧಿಸೂಚಿಸಲಾಗಿದ್ದು, ಹಂತ ಹಂತವಾಗಿ ಜಾರಿಗೊಳಿಸಲಾಗುತ್ತದೆ. ವೈಯಕ್ತಿಕ ಮಾಹಿತಿ ಸೋರಿಕೆಯಾದಲ್ಲಿ ಬಾಧಿತರಾದ ಪ್ರತಿಯೊಬ್ಬರಿಗೂ ತಿಳಿಸಬೇಕೆಂಬ ಕರ್ತವ್ಯವು ನಿಯಮಗಳು ಪ್ರಕಟವಾದ 18 ತಿಂಗಳ ನಂತರ ಜಾರಿಗೆ ಬರಲಿದೆ. ಸೋರಿಕೆಯನ್ನು ಪತ್ತೆ ಮಾಡಲಾಗದ ಸಂಸ್ಥೆಯು ಅದನ್ನು ನಾಗರಿಕರಿಗೆ ತಿಳಿಸಲೂ ಆಗದು. ಆದುದರಿಂದ ಈ ಅವಧಿಯನ್ನು ಸಿದ್ಧತೆಗೆ ಬಳಸಿಕೊಳ್ಳುವುದು ಮುಖ್ಯ.

7. ಮಿತಿಗಳು ಮತ್ತು ಪರ್ಯಾಯ ವ್ಯವಸ್ಥೆ

ಪತ್ತೆ ಮಾಡುವ ಸಾಧನವೇ ವಿಫಲವಾಗುವ ಸಂದರ್ಭವೂ ಉಂಟು. 2024ರ ಜುಲೈ 19ರಂದು ಭದ್ರತಾ ತಂತ್ರಾಂಶವೊಂದರ ದೋಷಪೂರಿತ ಪರಿಷ್ಕರಣೆಯಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ಗಣಕಯಂತ್ರಗಳು ಸ್ಥಗಿತಗೊಂಡವು. ದೇಶದ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸ್‌ಗಳನ್ನು ಕೈಯಲ್ಲಿ ಬರೆದು ಕೊಡಬೇಕಾಯಿತು. 2022ರ ನವೆಂಬರ್‌ನಲ್ಲಿ ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಸರ್ವರ್‌ಗಳ ಮೇಲೆ ದಾಳಿ ನಡೆದಾಗಲೂ ಹೊರರೋಗಿಗಳ ನೋಂದಣಿಯನ್ನು ಕೈಬರಹದಲ್ಲಿಯೇ ನಡೆಸಲಾಯಿತು. ಗಣಕ ವ್ಯವಸ್ಥೆ ನಿಂತ ದಿನ ಅರ್ಜಿಯನ್ನು ಕಾಗದದ ಮೇಲೆ ಸ್ವೀಕರಿಸಿ, ದಿನಾಂಕ ಸಹಿತ ಸ್ವೀಕೃತಿ ನೀಡಿ, ನಂತರ ದಾಖಲಿಸುವ ಪದ್ಧತಿ ಉಳಿದಿರಬೇಕೆಂಬುದು ಇವುಗಳಿಂದ ತಿಳಿಯುವ ಪಾಠ.

ತಾಲ್ಲೂಕು ಮಟ್ಟದಲ್ಲಿ ಇನ್ನೂ ಸುಧಾರಿಸಬೇಕಾದ ಅಂಶಗಳೂ ಇವೆ. ಕೆಲಸದ ಒತ್ತಡದಲ್ಲಿ ಒಬ್ಬರ ಪಾಸ್‌ವರ್ಡನ್ನು ಇನ್ನೊಬ್ಬರು ಬಳಸಿದರೆ ಲಾಗ್‌ನಲ್ಲಿ ದಾಖಲಾಗುವ ಹೆಸರು ಸುಳ್ಳಾಗುತ್ತದೆ. ಅರ್ಜಿದಾರರ ಆಧಾರ್ ಪ್ರತಿಗಳು ಝೆರಾಕ್ಸ್ ಅಂಗಡಿಯ ಗಣಕಯಂತ್ರದಲ್ಲಿ ಅಥವಾ ವಾಟ್ಸಾಪ್‌ನಲ್ಲಿ ಉಳಿದರೆ ಅವುಗಳಿಗೆ ಯಾವ ಲಾಗ್ ಕೂಡ ಇರುವುದಿಲ್ಲ. ಕ್ಲೌಡ್‌ನಲ್ಲಿ ಎಷ್ಟೇ ಗೋಚರತೆ ಇದ್ದರೂ ಅದು ಇಲ್ಲಿಯವರೆಗೆ ತಲುಪುವುದಿಲ್ಲ. ಆದುದರಿಂದ ಅರ್ಜಿದಾರರ ಎಚ್ಚರಿಕೆಯೂ ಈ ವ್ಯವಸ್ಥೆಯ ಒಂದು ಭಾಗವೇ ಆಗಿದೆ.

8. ಅರ್ಜಿದಾರರು ಗಮನಿಸಬೇಕಾದ ಅಂಶಗಳು

(1) ಆಧಾರ್ ಬಯೋಮೆಟ್ರಿಕ್ ಬಳಸದ ದಿನಗಳಲ್ಲಿ ಅದನ್ನು ಲಾಕ್ ಮಾಡಿ ಇಟ್ಟುಕೊಳ್ಳಬಹುದು. ವಿಶಿಷ್ಟ ಗುರುತಿನ ಪ್ರಾಧಿಕಾರದ ಜಾಲತಾಣದಲ್ಲಿ ಈ ಸೌಲಭ್ಯವಿದೆ. ಬೆರಳಚ್ಚು ನೀಡಿ ಪಿಂಚಣಿ ಅಥವಾ ಪಡಿತರ ಪಡೆಯುವವರು ಆಯಾ ದಿನ ಅದನ್ನು ತೆರೆದು ನಂತರ ಮತ್ತೆ ಲಾಕ್ ಮಾಡಬೇಕಾಗುತ್ತದೆ. ಮಾಹಿತಿಗೆ 1947 ಸಂಖ್ಯೆಗೆ ಕರೆ ಮಾಡಬಹುದು.

(2) ಪೂರ್ಣ ಆಧಾರ್ ಸಂಖ್ಯೆ ಕಡ್ಡಾಯವಲ್ಲದ ಕಡೆ ಕೊನೆಯ ನಾಲ್ಕು ಅಂಕಿಗಳು ಮಾತ್ರ ಕಾಣುವ ಆಧಾರ್ ಪ್ರತಿಯನ್ನು ನೀಡುವುದು ಸೂಕ್ತ.

(3) ಬ್ಯಾಂಕ್ ಖಾತೆಗೆ ಚಾಲ್ತಿಯಲ್ಲಿರುವ ಮೊಬೈಲ್ ಸಂಖ್ಯೆಯನ್ನೇ ನೀಡಬೇಕು. ಮಧ್ಯವರ್ತಿಯ ಸಂಖ್ಯೆ ನೀಡಿದಲ್ಲಿ ಮೊದಲ ಎಚ್ಚರಿಕೆಯು ಖಾತೆದಾರರಿಗೆ ತಲುಪುವುದೇ ಇಲ್ಲ.

(4) ಪ್ರತಿ ಅರ್ಜಿಗೂ ಸ್ವೀಕೃತಿ ಮತ್ತು ಸಕಾಲ ಸೇವೆಯಾದಲ್ಲಿ ಸಕಾಲ ಸಂಖ್ಯೆ ಪಡೆದು ಇಟ್ಟುಕೊಳ್ಳಬೇಕು. ತಾವು ಸಲ್ಲಿಸದ ಅರ್ಜಿಯ ಬಗ್ಗೆ ಕಿರುಸಂದೇಶ ಬಂದರೆ ಸಂಬಂಧಪಟ್ಟ ಕಚೇರಿಗೆ ಕೂಡಲೇ ತಿಳಿಸಬೇಕು.

(5) ಜಮೀನು ಹೊಂದಿರುವವರು ವರ್ಷಕ್ಕೆ ಒಮ್ಮೆಯಾದರೂ ತಮ್ಮ ಪಹಣಿ ಮತ್ತು ಋಣಭಾರ ಪ್ರಮಾಣಪತ್ರವನ್ನು ಪರಿಶೀಲಿಸುವುದು ಒಳ್ಳೆಯದು. ಮಸ್ಕಿ ತಾಲ್ಲೂಕಿನವರು ಹಿಂದಿನ ತಾಲ್ಲೂಕಿನ ಹೆಸರಿನಲ್ಲಿಯೂ ಹುಡುಕಿ ನೋಡುವುದು ಸೂಕ್ತ.

(6) ಒಟಿಪಿ, ಪಾಸ್‌ವರ್ಡ್ ಅಥವಾ ಪಿನ್ ಅನ್ನು ದೂರವಾಣಿಯಲ್ಲಿ ಯಾರಿಗೂ ತಿಳಿಸಬಾರದು.

(7) ಖಾತೆಯಿಂದ ಅಕ್ರಮವಾಗಿ ಹಣ ಕಡಿತವಾದಲ್ಲಿ ತಡಮಾಡದೆ 1930 ಸಂಖ್ಯೆಗೆ ಕರೆ ಮಾಡಬೇಕು ಅಥವಾ ರಾಷ್ಟ್ರೀಯ ಸೈಬರ್ ಅಪರಾಧ ವರದಿ ಪೋರ್ಟಲ್‌ನಲ್ಲಿ ದೂರು ಸಲ್ಲಿಸಬೇಕು. ಬ್ಯಾಂಕಿಗೂ ಲಿಖಿತವಾಗಿ ತಿಳಿಸಿ ಸ್ವೀಕೃತಿ ಪಡೆಯಬೇಕು.

9. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಬೆರಳಚ್ಚು ನೀಡದೆ ಆಸ್ತಿ ನೋಂದಣಿ ಮಾಡಿಸಬಹುದೇ?
ಉತ್ತರ: ನೋಂದಣಿ ಪ್ರಕ್ರಿಯೆಯಲ್ಲಿ ಬೆರಳಚ್ಚು ಅಗತ್ಯ. ಅದನ್ನು ನಿರಾಕರಿಸುವ ಬದಲು ನೋಂದಣಿಯ ನಂತರ ಆಧಾರ್ ಬಯೋಮೆಟ್ರಿಕ್ ಲಾಕ್ ಮಾಡಿಕೊಳ್ಳುವುದು ಸೂಕ್ತ. ಆಗ ಬೆರಳಚ್ಚಿನ ನಕಲು ಯಾರ ಬಳಿ ಇದ್ದರೂ ಆಧಾರ್ ಮೂಲಕ ಹಣ ತೆಗೆಯಲು ಅದು ಉಪಯೋಗಕ್ಕೆ ಬರುವುದಿಲ್ಲ.

ಪ್ರಶ್ನೆ: 2025ರ ದಾಳಿಯಲ್ಲಿ ಜಮೀನಿನ ದಾಖಲೆ ಬದಲಾಗಿರುವ ಸಾಧ್ಯತೆ ಇದೆಯೇ?
ಉತ್ತರ: ಡಿಡಿಒಎಸ್ ದಾಳಿಯು ಸೇವೆಯನ್ನು ತಡೆಯುವಂತಹುದು, ದಾಖಲೆಯನ್ನು ತಿದ್ದುವಂತಹುದಲ್ಲ. ಆದರೂ ಸಂಶಯವಿದ್ದವರು ಋಣಭಾರ ಪ್ರಮಾಣಪತ್ರ ಪಡೆದು ತಾಳೆ ನೋಡಬಹುದು.

ಪ್ರಶ್ನೆ: ಅಕ್ರಮವಾಗಿ ಕಡಿತವಾದ ಹಣ ಹಿಂದಿರುಗುತ್ತದೆಯೇ?
ಉತ್ತರ: ಭಾರತೀಯ ರಿಸರ್ವ್ ಬ್ಯಾಂಕ್ 2017ರಲ್ಲಿ ಹೊರಡಿಸಿದ ನಿರ್ದೇಶನಗಳ ಪ್ರಕಾರ, ಗ್ರಾಹಕರ ಮತ್ತು ಬ್ಯಾಂಕಿನ ತಪ್ಪಿಲ್ಲದೆ ಮೂರನೆಯವರಿಂದಾದ ವಂಚನೆಯನ್ನು ಬ್ಯಾಂಕಿನ ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದಲ್ಲಿ ನಷ್ಟವು ಗ್ರಾಹಕರ ಮೇಲೆ ಬೀಳುವುದಿಲ್ಲ. ವಿಳಂಬವಾದಷ್ಟೂ ಈ ರಕ್ಷಣೆ ಕಡಿಮೆಯಾಗುತ್ತದೆ.

10. ಸಮಾರೋಪ

1915ರಲ್ಲಿ ಮಸ್ಕಿಯಲ್ಲಿ ದೊರೆತ ಶಿಲಾಶಾಸನದಲ್ಲಿ 'ದೇವಾನಾಂಪ್ರಿಯ' ಎಂಬ ಬಿರುದಿನೊಂದಿಗೆ ಅಶೋಕನ ಹೆಸರು ಇದ್ದುದರಿಂದ, ಇತರ ಶಾಸನಗಳನ್ನು ಬರೆಸಿದವರು ಯಾರೆಂಬ ಪ್ರಶ್ನೆಗೆ ಖಚಿತ ಉತ್ತರ ದೊರೆಯಿತು. ದಾಖಲೆಯ ಹಿಂದಿರುವ ಹೆಸರು ಸ್ಪಷ್ಟವಾದಾಗ ದಾಖಲೆಯ ಮೇಲಿನ ವಿಶ್ವಾಸವೂ ದೃಢವಾಗುತ್ತದೆ. ಗಣಕೀಕೃತ ದಾಖಲೆಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಮಾಹಿತಿ ಎಲ್ಲಿಯೇ ಇರಲಿ, ಅದನ್ನು ಮುಟ್ಟಿದವರ ಹೆಸರು ಹೊಣೆಗಾರರಿಗೆ ಕಾಣುವಂತಿರಬೇಕು ಮತ್ತು ಬೇಗ ಕಾಣುವಂತಿರಬೇಕು. 2019, 2023 ಮತ್ತು 2025ರ ಪ್ರಕರಣಗಳಲ್ಲಿ ನಷ್ಟದ ಪ್ರಮಾಣವನ್ನು ನಿರ್ಧರಿಸಿದ್ದು ಈ ವೇಗವೇ. ನಾಗರಿಕರು ತಮ್ಮ ಕಡೆಯ ದಾಖಲೆಗಳಾದ ಸ್ವೀಕೃತಿ, ಕಿರುಸಂದೇಶ ಮತ್ತು ಪಾಸ್‌ಬುಕ್‌ಗಳನ್ನು ಜೋಪಾನವಾಗಿ ಇಟ್ಟುಕೊಂಡು, ವ್ಯತ್ಯಾಸ ಕಂಡುಬಂದ ದಿನವೇ ಸಂಬಂಧಪಟ್ಟ ಕಚೇರಿಗೆ ತಿಳಿಸಿ ಸಹಕರಿಸಬೇಕೆಂದು ಕೋರಲಾಗಿದೆ.